ಉಗುರಿನಡಿಯ ಹಸಿರು

ನಮ್ಮೂರಿನ ತಾಯಂದಿರು ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟಾಗ ಮಕ್ಕಳನ್ನು ಇವತ್ತು ಏನು ಕಲಿತೆ ಎಂದು ಕೇಳುವುದಿಲ್ಲ. ಕೈ ಚಾಚು ಎನ್ನುತ್ತಾರೆ, ಮಂಡಿ ತೋರಿಸು ಎನ್ನುತ್ತಾರೆ, ಹಿಂದೆ ತಿರುಗಿಸಿ ಕುತ್ತಿಗೆ ನೋಡುತ್ತಾರೆ. ಮೈ ನೋಡುವುದು ಎಂದು ಇದಕ್ಕೆ ಹೆಸರು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಊರಲ್ಲಿ ಯಾರೂ ಇರಲಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಜಂಬ ಇತ್ತು, ಬೇಕಾದಷ್ಟು ಇತ್ತು. ಅದು ಮಣ್ಣುಗೂಡಿದ್ದು ಹೇಗೆ ಎಂದು ಹೇಳುವುದಕ್ಕೇ ಕೂತಿದ್ದೇನೆ.

ಶಾಲೆ ಸರ್ಕಾರದ್ದು. ಒಂದರಿಂದ ಐದರವರೆಗೆ, ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ಲೆಕ್ಕ ಸ್ಪ್ಯಾನಿಷ್‌ನಲ್ಲಿ, ಹಾಡು ಸ್ಪ್ಯಾನಿಷ್‌ನಲ್ಲಿ, ಒಂದಕ್ಕೆ ಹೋಗಬೇಕು ಎಂದು ಬೆರಳೆತ್ತಿ ಕೇಳುವುದೂ ಸ್ಪ್ಯಾನಿಷ್‌ನಲ್ಲಿ. ಮಕ್ಕಳನ್ನು ಭಾಷೆಯೊಳಗೆ ಪೂರ್ತಿ ಮುಳುಗಿಸಿಬಿಟ್ಟರೆ ಬೇಗ ಬರುತ್ತದೆಯಂತೆ, ಆದೇಶದಲ್ಲಿ ಹಾಗೆಯೇ ಬರೆದಿತ್ತು. ನಮ್ಮೂರಿಗೂ ಆ ದೇಶಕ್ಕೂ ಏನು ನೆಂಟಸ್ತಿಕೆ ಎಂದು ಮೊದಲ ವರ್ಷ ಒಬ್ಬಿಬ್ಬರು ಕೇಳಿದ್ದುಂಟು. ಇಂಗ್ಲಿಷಿನವರು ನಿಮಗೆ ಯಾವ ಕಡೆಯಿಂದ ನೆಂಟರು ಎಂದು ಗುಡ್ಡದ ಮೇಲಿನ ಆಫೀಸಿನ ಸಾಹೇಬರು ತಿರುಗಿ ಕೇಳಿದರು. ಐದನೇ ಕ್ಲಾಸು ದಾಟಿದ ಮಕ್ಕಳನ್ನು ಗುಡ್ಡದ ಮೇಲಿನ ದೊಡ್ಡ ಶಾಲೆಗೆ, ಅಲ್ಲಿಂದ ಗುಡ್ಡದ ಮೇಲಿನ ಆಫೀಸುಗಳಿಗೆ ಕರೆದುಕೊಳ್ಳುತ್ತಾರೆ. ಮಗಳು ಗುಡ್ಡ ಹತ್ತಿದಳು ಎಂದರೆ ಆ ಮನೆಯವರು ಬೀದಿಯಲ್ಲಿ ನಡೆಯುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಸೀಟಿಗೆ ನೂಕುನುಗ್ಗಲು. ಒಮ್ಮೆ ಬಿಡಿಸಿದ ಮಗುವನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಊರಲ್ಲಿದ್ದ ಇನ್ನೊಂದು ಶಾಲೆ ಮುಚ್ಚಿಹೋಗಿ ಅಲ್ಲಿ ಈಗ ಸಿಮೆಂಟು ಮೂಟೆ ಪೇರಿಸಿದ್ದಾರೆ.

ಶಾಲೆಯ ಗೇಟಿನ ಕೆಳಗೆ ನೆಲದಲ್ಲಿ ಒಂದು ಹಿತ್ತಾಳೆ ಪಟ್ಟಿ ಇದೆ, ಬೆರಳಗಲದ್ದು. ಆ ಪಟ್ಟಿಯ ಒಳಗೆ ಕನ್ನಡ ಬಾಯಿಂದ ಹೊರಡುವುದಿಲ್ಲ, ಹೊರಗೆ ಸ್ಪ್ಯಾನಿಷ್ ಹೊರಡುವುದಿಲ್ಲ. ಅಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಳಗೆ ಆದದ್ದನ್ನು ಹೊರಗೆ ಬಂದು ಹೇಳುವುದಕ್ಕೂ ಆಗುವುದಿಲ್ಲ. ಮರೆತುಹೋಗುತ್ತದೆ ಅಂತಲ್ಲ. ಎಲ್ಲ ನೆನಪಿರುತ್ತದೆ, ಆದರೆ ಹೇಳಲು ಹೋದರೆ ಬಾಯಿ ತೆರೆದುಕೊಳ್ಳುತ್ತದೆ, ಏನೂ ಬರುವುದಿಲ್ಲ. ಸ್ಲೇಟು ಕೊಟ್ಟು ಬರಿ ಎಂದರೆ ಬಳಪ ಹಿಡಿದ ಕೈ ಹಾಗೇ ನಿಂತುಬಿಡುತ್ತದೆ. ಹೊಡೆದರಾ, ಹೌದೋ ಅಲ್ಲವೋ, ತಲೆಯನ್ನಾದರೂ ಆಡಿಸು ಎಂದರೆ ಕತ್ತು ಮರಗಟ್ಟುತ್ತದೆ. ಮೊದಮೊದಲು ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಇದೇ ಕಾರಣಕ್ಕೆ ಏಟು ಬಿದ್ದವು. ಆಮೇಲೆ ಅಭ್ಯಾಸವಾಯಿತು. ಪಟ್ಟಿ ನಾಲಿಗೆಯನ್ನು ತಡೆಯುತ್ತದೆ, ಕೈಯನ್ನು ತಡೆಯುತ್ತದೆ, ಆದರೆ ಧೂಳನ್ನು ತಡೆಯುವುದಿಲ್ಲ ಎಂದು ಮೊದಲು ಕಂಡುಕೊಂಡವಳು ನಾನು.

ನನ್ನ ಹೆಸರು ದ್ಯಾವಮ್ಮ. ಮೂವತ್ತೊಂದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮಾತು ಬಾರದ ಕೂಸುಗಳ ಮೈ ನೋಡಿ ಇದು ಹಸಿವು, ಇದು ಹೊಟ್ಟೆನೋವು ಎಂದು ಡಾಕ್ಟರಿಗಿಂತ ಮುಂಚೆ ಹೇಳುತ್ತಿದ್ದೆ. ಕೆಲಸದಿಂದ ಬಿಡುಗಡೆಯಾದ ಮೇಲೂ ಕಣ್ಣಿಗೆ ಬಿಡುಗಡೆ ಆಗಲಿಲ್ಲ. ಶಾಲೆಯ ಎದುರಿನ ಕಟ್ಟೆಯ ಮೇಲೆ ಬಂದು ಕೂರತೊಡಗಿದೆ. ಬಲ ಮೊಣಕೈಗೆ ಸೀಮೆಸುಣ್ಣ ಮೆತ್ತಿದ್ದರೆ ಮಗುವನ್ನು ಬೋರ್ಡಿನ ಹತ್ತಿರ ನಿಲ್ಲಿಸಿದ್ದಾರೆ. ಮಂಡಿಯ ಮೇಲೆ ಕೆಂಪು ಗಾರೆಯ ಬಣ್ಣ ಹತ್ತಿದ್ದರೆ ಜಗಲಿಯಲ್ಲಿ ಮಂಡಿಯೂರಿಸಿದ್ದಾರೆ. ಕೆನ್ನೆಯ ಮೇಲೆ ಉಪ್ಪಿನ ಗೆರೆ ಒಣಗಿ ಬಿಳಿಯಾಗಿದ್ದರೆ ಅತ್ತದ್ದು ಊಟಕ್ಕೆ ಮುಂಚೆ. ಡಬ್ಬಿಯಲ್ಲಿ ಅನ್ನ ಉಳಿದು ಪಲ್ಯ ಮಾತ್ರ ಖಾಲಿಯಾಗಿದ್ದರೆ ಗೆಳತಿಯ ಜೊತೆ ರಾಜಿಯಾಗಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ತುಟಿ. ಒಳಗೆ ಮಾತು ಬಂದ ಮಗುವಿನ ತುಟಿ ಒಣಗಿರುತ್ತದೆ, ಪಟ್ಟಿ ದಾಟಿದ ಕೂಡಲೇ ನೀರು ಕೇಳುತ್ತದೆ. ಒಂದನೇ ಕ್ಲಾಸಿನ ಮಕ್ಕಳು ಜೂನ್‌ನಿಂದ ದಸರೆಯವರೆಗೆ ಯಾರೂ ನೀರು ಕೇಳುವುದಿಲ್ಲ, ಬಾಯಿ ಇದ್ದೂ ಇಲ್ಲದಂತೆ ಇದ್ದು ಬರುತ್ತಾರೆ. ಆಮೇಲೆ ಒಂದು ಸಂಜೆ, ಅಮ್ಮಾ ನೀರು ಎನ್ನುತ್ತಾರೆ. ಆ ದಿನ ಮನೆಯಲ್ಲಿ ಪಾಯಸ. ನಿಮ್ಮ ಮಗುವಿಗೆ ನೀರಡಿಕೆ ಶುರುವಾಯಿತಾ ಎಂದು ಒಬ್ಬರನ್ನೊಬ್ಬರು ಕೇಳಿದರೆ, ಸ್ಪ್ಯಾನಿಷ್ ಬಂತಾ ಎಂದೇ ಅರ್ಥ.

ನನ್ನ ಹತ್ತಿರ ಮೈ ನೋಡಿಸಲು ತಾಯಂದಿರು ಸಾಲುಗಟ್ಟುತ್ತಿದ್ದರು. ಒಂದೆಲೆ, ಒಂದು ಅಡಿಕೆ ಕೊಟ್ಟು ಕೂರುತ್ತಿದ್ದರು. ನಾನು ಮಗುವನ್ನು ತೊಡೆಯ ಮಧ್ಯೆ ನಿಲ್ಲಿಸಿಕೊಂಡು, ತಲೆಯಿಂದ ಕಾಲಿನವರೆಗೆ ನೋಡಿ, ಎಲೆ ಬಾಯಿಗೆ ಹಾಕಿಕೊಂಡು ತೀರ್ಪು ಕೊಡುತ್ತಿದ್ದೆ. ನನ್ನ ಮಾತಿಗೆ ಎದುರಾಡಿದವರಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು.

ಕಟ್ಟೆಯ ಪಕ್ಕದಲ್ಲೇ ಹೊಂಗೆ ಮರದ ಕೆಳಗೆ ಪಂಕಜಳ ಇಸ್ತ್ರಿ ಗಾಡಿ. ಗಂಡ ಲಾರಿಯ ಮೇಲಿರುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಗಾಡಿಗೆ ಪ್ರತಿ ಆಯುಧಪೂಜೆಗೆ ಕೆಂಪು ಎಣ್ಣೆಬಣ್ಣ ಬಳಿಯುತ್ತಾಳೆ, ಕೆಂಡದ ಪೆಟ್ಟಿಗೆಯ ಕಾವಿಗೆ ಅದು ಸಂಕ್ರಾಂತಿಯ ಹೊತ್ತಿಗೆ ಚಕ್ಕೆ ಎದ್ದು ಉದುರುತ್ತದೆ. ಅವಳ ಒಬ್ಬಳೇ ಮಗಳು ಪೂರ್ವಿ. ಹುಟ್ಟಿದ ದಿನ ಆ ಮಗುವಿನ ಮೈ ಒರೆಸಿದ ಕೈ ನನ್ನದು. ಅಂಥ ವಾಚಾಳಿಯನ್ನು ನಾನು ನೋಡಿಲ್ಲ. ಮರದ ಮೇಲಿನ ಕಾಗೆಯ ಜೊತೆ ಮಾತು, ಅಂಗಿಯ ಗುಂಡಿಯ ಜೊತೆ ಮಾತು. ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡಕ್ಕೆ ಬೂದಿ ಮುಚ್ಚಿಕೊಂಡರೆ ಬೆರಳು ತುಟಿಗಿಟ್ಟು, ಅಮ್ಮಾ ಮೆಲ್ಲಗೆ, ಕೆಂಡಕ್ಕೆ ನಿದ್ದೆ ಬಂದಿದೆ ಎನ್ನುವಳು. ಗಿರಾಕಿಗಳು ಅವಳ ಮಾತು ಕೇಳಲೆಂದೇ ಬಟ್ಟೆ ತಗೊಂಡ ಮೇಲೂ ಐದು ನಿಮಿಷ ನಿಲ್ಲುತ್ತಿದ್ದರು. ಇಂಥ ಮಾತಿನಮಲ್ಲಿಗೆ ಸ್ಪ್ಯಾನಿಷ್ ಒಂದು ವಾರದಲ್ಲಿ ಬರುತ್ತದೆ ಎಂದು ನಾನೇ ಪಂಕಜಳಿಗೆ ಹೇಳಿದ್ದೆ.

ಬರಲಿಲ್ಲ. ಒಂದನೇ ಕ್ಲಾಸು ಮುಗಿಯಿತು, ಪೂರ್ವಿ ನೀರು ಕೇಳಲಿಲ್ಲ. ಎರಡನೇ ಕ್ಲಾಸಿನ ದಸರೆ, ದೀಪಾವಳಿ ಎರಡೂ ಹೋದವು, ಕೇಳಲಿಲ್ಲ. ಪಟ್ಟಿ ದಾಟಿ ಹೊರಗೆ ಬಂದ ಕೂಡಲೇ ದಿನವಿಡೀ ತುಂಬಿಟ್ಟುಕೊಂಡ ಕನ್ನಡವನ್ನೆಲ್ಲ ಸುರಿಯುತ್ತಿದ್ದಳು, ತುಟಿ ಮಾತ್ರ ಬೆಣ್ಣೆಯ ಹಾಗೆ ಇರುತ್ತಿತ್ತು. ಮೊಣಕೈಗೆ ಸೀಮೆಸುಣ್ಣ, ಮಂಡಿಗೆ ಕೆಂಪು, ಕಿವಿಯೂ ಆಗಾಗ ಕೆಂಪು. ಪಂಕಜ ಕೊರಗುತ್ತಿದ್ದಳು. ಕೆಲವು ಮಕ್ಕಳಿಗೆ ತಡವಾಗಿ ಬರುತ್ತದೆ, ಹಲ್ಲು ಬಂದ ಹಾಗೆ, ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಗುಡ್ಡದಿಂದ ಸಾಹೇಬರು ಕಾರಿನಲ್ಲಿ ಬರುತ್ತಾರೆ. ಎಷ್ಟು ಮಕ್ಕಳಿಗೆ ಮಾತು ಬಂದಿದೆ, ಎಷ್ಟು ಮಕ್ಕಳಿಗೆ ಬಂದಿಲ್ಲ ಎಂದು ನೋಡುತ್ತಾರೆ. ಇದು ಗೇಟಿನ ನೋಟೀಸಿನಲ್ಲೇ ಇರುತ್ತದೆ, ಗುಟ್ಟಲ್ಲ. ಮಾತು ಬಾರದವರು ಹೆಚ್ಚಿದ್ದರೆ ಶಾಲೆಯನ್ನೇ ಇನ್ನೊಂದು ಊರಿಗೆ ಕೊಟ್ಟುಬಿಡುತ್ತಾರೆ ಎಂದೂ ಅದರಲ್ಲಿರುತ್ತದೆ. ಅವರು ಯಾವ ದಿನ ಬರುತ್ತಾರೆ, ಎಷ್ಟು ಸಲ ಬರುತ್ತಾರೆ ಎಂದು ಯಾರಿಗೂ ಮೊದಲೇ ತಿಳಿಯುವುದಿಲ್ಲ. ಶಿವರಾತ್ರಿಯವರೆಗೂ ಬರುತ್ತಲೇ ಇರುತ್ತಾರೆ.

ಆ ವರ್ಷ ಸಂಕ್ರಾಂತಿಯ ಮಾರನೆಯ ವಾರದಿಂದ ಪೂರ್ವಿಯ ಮೈ ಬದಲಾಯಿತು. ಮೊಣಕೈಯಲ್ಲಿ ಸೀಮೆಸುಣ್ಣ ಇಲ್ಲ. ಮಂಡಿಯಲ್ಲಿ ಕೆಂಪು ಇಲ್ಲ. ಕಿವಿ ತಣ್ಣಗಿದೆ. ಲಂಗ ಬೆಳಿಗ್ಗೆ ತಾಯಿ ಇಸ್ತ್ರಿ ಮಾಡಿ ತೊಡಿಸಿದ ಮಡಿಕೆಯಲ್ಲೇ ಇದೆ, ಜಡೆಯ ಒಂದು ಕೂದಲು ಅಲುಗಿಲ್ಲ. ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ. ನಾನು ಅವಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೊಡೆತವಿಲ್ಲ, ಬಡಿತವಿಲ್ಲ, ಮಂಡಿಯೂರಿಸಿಲ್ಲ, ಊಟ ಬಿಟ್ಟಿಲ್ಲ. ಮೊದಲ ರ‍್ಯಾಂಕಿನ ಮಕ್ಕಳ ಮೈ ಕೂಡ ಇಷ್ಟು ಚೊಕ್ಕ ಇರುವುದಿಲ್ಲ. ಎಡಗೆನ್ನೆಯ ಮೇಲೆ ಕಣ್ಣಿನಿಂದ ಗಲ್ಲದವರೆಗೆ ಒಂದು ನೇರ ಗೆರೆ ಒತ್ತಿಕೊಂಡಿತ್ತು. ಚಾಪೆಯ ಮೇಲೆ ಮಲಗಿ ಎದ್ದಿದ್ದಾಳೆ, ಮಧ್ಯಾಹ್ನ ಮಕ್ಕಳನ್ನು ಮಲಗಿಸುತ್ತಾರೆ ಎಂದೆ. ಉಗುರಿನ ಅಡಿಯಲ್ಲಿ ಹಸಿರು ಸೇರಿಕೊಂಡಿತ್ತು. ಚಿತ್ರ ಬರೆಯುವುದು ಕಲಿಸುತ್ತಿದ್ದಾರೆ ಎಂದೆ.

ಆ ಸಂಜೆಯನ್ನು ಮರೆಯೋಣವೆಂದರೂ ಆಗುವುದಿಲ್ಲ. ಕೇಳುವ ಮೊದಲೇ ಅವಳೇ ಎರಡೂ ಕೈ ನನ್ನ ಮುಂದೆ ಚಾಚಿದಳು. ನಾನು ಪೊರಕೆಯಿಂದ ಒಂದು ಕಡ್ಡಿ ಮುರಿದು ಒಂದೊಂದೇ ಉಗುರಿನಿಂದ ಹಸಿರನ್ನು ಬಿಡಿಸಿ ತೆಗೆದೆ. ಎಲೆ ಬರೆದೆಯೋ, ಗಿಣಿ ಬರೆದೆಯೋ ಎಂದು ಚುಡಾಯಿಸಿದೆ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ತನ್ನ ಉಗುರಿನಲ್ಲಿ ಏನಿದೆ ಎಂದು ನಾನು ಓದಿಬಿಡುತ್ತೇನೆ ಎಂಬ ನಂಬಿಕೆ ಇತ್ತು ಆ ಮಗುವಿಗೆ. ಊರಿಗೆಲ್ಲ ಇದ್ದ ನಂಬಿಕೆ ಅವಳಿಗೂ ಇತ್ತು. ನಾನು ಕಡ್ಡಿ ಎಸೆದು, ಎಲೆ ಬಾಯಿಗೆ ಹಾಕಿಕೊಂಡೆ.

ಹತ್ತು ದಿನ ಕಳೆದ ಮೇಲೆ ಪಂಕಜ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕಟ್ಟೆಯ ಹತ್ತಿರ ಬಂದಳು. ಮೈ ಚೊಕ್ಕ ಇದೆ ನಿಜ, ಆದರೆ ಮಗು ಮನೆಯಲ್ಲೂ ಮಾತು ಕಡಿಮೆ ಮಾಡಿದೆ ಎಂದು ಅವಳ ದೂರು. ಕೆಂಡದ ಜೊತೆ ಮಾತಾಡುವುದಿಲ್ಲವಂತೆ, ಕಾಗೆ ಬಂದರೆ ತಲೆ ಎತ್ತುವುದಿಲ್ಲವಂತೆ, ರಾತ್ರಿ ಬಾಗಿಲ ಅಗುಳಿ ಹಾಕಿದರೆ ಎದ್ದು ಹೋಗಿ ತೆಗೆಯುತ್ತಾಳಂತೆ.

"ಅಜ್ಜೀ, ಬಿಡಿಸಿಬಿಡ್ಲಾ? ಗುಡ್ಡ ಹತ್ತದಿದ್ರೆ ಬ್ಯಾಡ. ನನ್ ಜೊತೆ ಇಸ್ತ್ರಿ ಮಾಡ್ಕೊಂಡು ಬಿದ್ದಿರ್ತಾಳೆ," ಎಂದಳು.

ನನಗೆ ಸಿಟ್ಟು ಬಂತು. ನಾನು ನೋಡಿದ ಮೈಯ ಮೇಲೆ ಇವಳಿಗೆ ಅನುಮಾನವೇ ಎಂದು. "ಹುಚ್ಚಿ, ಚಿನ್ನದಂಥ ಮೈ ಕಣೇ ಅದು," ಎಂದೆ. "ಒಳಗೆ ಮಾತು ಬರೋ ಮುಂಚೆ ಹೊರಗೆ ಮಾತು ಕಮ್ಮಿ ಆಗ್ತದೆ. ಜಾಗ ಮಾಡ್ಕೊಳ್ತಾ ಅವ್ಳೆ. ಸುಮ್ನೆ ಕಳಿಸು."

ಹಾಗೆ ಆಗುತ್ತದೆ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಬಾಯಿಗೆ ಬಂತು, ಹೇಳಿದೆ. ಪಂಕಜ ಕಳಿಸಿದಳು. ಇನ್ನೂ ಒಂದು ತಿಂಗಳು ಕಳಿಸಿದಳು.

ಶಿವರಾತ್ರಿಯ ಹಿಂದಿನ ದಿನ ಪೂರ್ವಿ ಪಟ್ಟಿ ದಾಟಿ ಬಂದು ಗಾಡಿಯ ಹಲಗೆಯ ಮೇಲೆ ಕೂತಳು. ಅಮ್ಮ ಎನ್ನಲಿಲ್ಲ. ಮಾರನೆಯ ದಿನವೂ ಎನ್ನಲಿಲ್ಲ. ಹಸಿವಾದರೆ ತಟ್ಟೆಯ ಹತ್ತಿರ ಹೋಗಿ ಕೂರುತ್ತಾಳೆ, ನಿದ್ದೆ ಬಂದರೆ ಗೋಡೆಗೆ ಕೆನ್ನೆ ಒತ್ತಿಕೊಂಡು ಮಲಗುತ್ತಾಳೆ, ಮಾತು ಮಾತ್ರ ಇಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಟಲು ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಕಿವಿ ಚೆನ್ನಾಗಿದೆ ಎಂದರು. ಏನಾಯಿತು ಎಂದು ಡಾಕ್ಟರು ಕೇಳಿದಾಗ ಪಂಕಜ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

ಎರಡನೇ ಕ್ಲಾಸಿನ ಗುರುಬಸಪ್ಪ ಮೇಷ್ಟ್ರು ನಮ್ಮ ಬೀದಿಯವರೇ, ಪಂಕಜಳ ಹತ್ತಿರವೇ ಅಂಗಿಗೆ ಇಸ್ತ್ರಿ ಹಾಕಿಸುವವರು. ಅವರ ಮನೆ ಬಾಗಿಲಿಗೆ ಹೋಗಿ ಪಂಕಜ ಕೈ ಮುಗಿದು ಕೇಳಿದಳು. ಮೇಷ್ಟ್ರು ಬಾಯಿ ತೆರೆದರು. ಏನೂ ಬರಲಿಲ್ಲ. ಬಾಯಿ ಮುಚ್ಚಿ, ತಲೆ ತಗ್ಗಿಸಿ, ಒಳಗೆ ಹೋದರು. ಪಟ್ಟಿ ಎಲ್ಲರಿಗೂ ಒಂದೇ, ಅವರು ಹೇಳಲಾರರು, ತಪ್ಪು ತಿಳಿಯಬೇಡ ಎಂದು ಅವರ ಹೆಂಡತಿ ಹೇಳಿದರು. ಮಾರನೆಯ ದಿನ ಇಸ್ತ್ರಿಗೆ ನಾಲ್ಕು ಅಂಗಿ ಬಂದವು. ಪಂಕಜ ಎಂದಿನಂತೆ ಜೇಬು ತಿರುವಿ, ಮೂಲೆಯಲ್ಲಿ ಸೇರಿದ್ದ ಕಸವನ್ನು ಉಗುರಿನಿಂದ ಕೆರೆದು ತೆಗೆದು, ಇಸ್ತ್ರಿ ಹಾಕಿ ಕಳಿಸಿದಳು.

ಪೂರ್ವಿಯನ್ನು ಬಿಡಿಸಿದರು. ಸೀಟು ಮೂರೇ ದಿನಕ್ಕೆ ಇನ್ನೊಬ್ಬರ ಪಾಲಾಯಿತು. ನಾನು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟೆ. ಎಲೆ ಅಡಿಕೆ ಹಿಡಿದು ಮನೆಗೇ ಬಂದವರನ್ನು ಬೈದು ಕಳಿಸಿದೆ. ಆ ಮೈಯಲ್ಲಿ ನಾನು ಏನು ನೋಡಲಿಲ್ಲ ಎಂಬುದೇ ಹಗಲೂ ಇರುಳೂ ತಲೆಯಲ್ಲಿ ಕೊರೆಯುತ್ತಿತ್ತು. ಮತ್ತೆ ಮತ್ತೆ ಆ ಮಗುವನ್ನು ಕಣ್ಣೆದುರು ನಿಲ್ಲಿಸಿಕೊಂಡು ನೋಡಿದೆ. ಚೊಕ್ಕ ಮೈ, ಖಾಲಿ ಡಬ್ಬಿ, ಅಷ್ಟೇ ಕಾಣುತ್ತಿತ್ತು. ಒಳಗೆ ಹೋಗದೆ ಇದು ತಿಳಿಯುವುದಿಲ್ಲ ಅನ್ನಿಸಿತು. ಪಂಕಜಳಿಗೂ ಹಾಗೇ ಅನ್ನಿಸಿರಬೇಕು. ಆದರೆ ಅವಳು ಗಾಡಿ ಬಿಟ್ಟು, ಮಗು ಬಿಟ್ಟು ಎಲ್ಲಿ ಹೋಗುತ್ತಾಳೆ?

ಜೂನ್‌ನಲ್ಲಿ ಶಾಲೆಗೆ ಕಸ ಗುಡಿಸುವವರು ಬೇಕೆಂದು ಚೀಟಿ ಅಂಟಿಸಿದರು. ಅರವತ್ತೆರಡು ವರ್ಷದ ನಾನು ಪೊರಕೆ ಹಿಡಿದು ಹಿತ್ತಾಳೆ ಪಟ್ಟಿ ದಾಟಿದೆ. ಈ ವಯಸ್ಸಿಗೆ ಗುಡ್ಡ ಹತ್ತುವ ಆಸೆಯೇನೋ ಮುದುಕಿಗೆ ಎಂದು ಊರೆಲ್ಲ ನಕ್ಕಿತು. ಒಳಗೆ ಹೇಗಿದೆ, ಏನಿದೆ ಎಂದು ನಿಮಗೆ ಹೇಳಲು ನನ್ನಿಂದ ಆಗುವುದಿಲ್ಲ, ಕೋಪ ಮಾಡಿಕೊಳ್ಳಬೇಡಿ. ಗೇಟಿನಿಂದ ನೋಡಿದರೆ ಯಾರಿಗಾದರೂ ಕಾಣುವಷ್ಟನ್ನು ಹೇಳಬಲ್ಲೆ: ಒಂದು ಧ್ವಜಸ್ತಂಭ, ಕೆಂಪು ಗಾರೆಯ ಜಗಲಿ, ಸಾಲಾಗಿ ಐದು ಕೋಣೆ, ಐದಕ್ಕೂ ನೀಲಿ ಬಾಗಿಲು. ಅದರ ಹಿಂದಿನದು ಗೇಟಿನಿಂದ ಕಾಣುವುದಿಲ್ಲ.

ಸಂಜೆ ಹೊರಗೆ ಬಂದು ಪಂಕಜಳ ಗಾಡಿಯ ಹತ್ತಿರ ಕೂರುತ್ತಿದ್ದೆ. ಸೆರಗಿನ ತುಂಬ ಧೂಳು, ಕೈಗೆ ಫಿನಾಯಿಲಿನ ವಾಸನೆ, ತುಟಿ ಹಸಿ. ಅವಳು ನನ್ನ ತುಟಿಯನ್ನು ನೋಡುತ್ತಿದ್ದಳು, ನೋಡಿ ಮತ್ತೆ ಇಸ್ತ್ರಿಯ ಕಡೆ ತಿರುಗುತ್ತಿದ್ದಳು. ದಸರೆ ಕಳೆದ ಮೇಲೆ, ನವೆಂಬರಿನ ಒಂದು ದಿನ, ಪಟ್ಟಿ ದಾಟಿ ಬಂದು ನನಗೇ ಗೊತ್ತಿಲ್ಲದಂತೆ ಪಂಕಜಾ ನೀರು ಎಂದೆ. ಅವಳ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ನಿಂತುಹೋಯಿತು, ಕೆಳಗಿದ್ದ ಯಾರದೋ ಅಂಗಿ ಸುಟ್ಟ ವಾಸನೆ ಬಂತು. ಅವಳು ಮಡಕೆಯಿಂದ ಒಂದು ಲೋಟ ನೀರು ತಂದುಕೊಟ್ಟಳು. ಪಾಯಸದ ಮಾತು ಯಾರೂ ಎತ್ತಲಿಲ್ಲ.

ಸಂಕ್ರಾಂತಿ ಬಂತು. ಗುಡ್ಡದ ಕಾರು ಮತ್ತೆ ಓಡಾಡತೊಡಗಿತು. ಅದಾಗಿ ಎರಡನೇ ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಪೊರಕೆ, ಊಟದ 
ಡಬ್ಬಿ ಹಿಡಿದು ಒಳಗೆ ಹೋದವಳು ಸಂಜೆ ನಾಲ್ಕಕ್ಕೆ ಹೊರಗೆ ಬಂದೆ. ನಡುವೆ ಆದದ್ದು ನಡುವೆಯೇ ಇದೆ.

ಗಾಡಿಯ ಹತ್ತಿರ ಹೋಗಿ ಪಂಕಜಳಿಗೆ ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ಮಕ್ಕಳು ನನ್ನೆದುರು ಬಾಯಿ ತೆರೆದು ನಿಂತದ್ದು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ಎದೆಯಲ್ಲಿ ಮಾತು ಒತ್ತಿ ಒತ್ತಿ ನೋವಾಗುತ್ತದೆ, ಗಂಟಲಿನಲ್ಲಿ ಏನೂ ಇರುವುದಿಲ್ಲ. ಒಂದು ಇದ್ದಿಲು ಎತ್ತಿ ನೆಲದ ಮೇಲೆ ಚಿತ್ರ ಬರೆಯಲು ಹೋದೆ, ಕೈ ನಿಂತುಬಿಟ್ಟಿತು. ನಾನು ಅತ್ತೆ. ಪಂಕಜ ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಹತ್ತಿರ ಬಂದು ಕೂತಳು. ಗೊತ್ತಾಯಿತಲ್ಲವಾ, ಹೇಳಲು ಆಗುತ್ತಿಲ್ಲವಾ ಎಂದು ಕೇಳಿದಳು. ಆಗ ನನಗೆ ಹೊಳೆಯಿತು. ಎರಡೂ ಕೈ ಅವಳ ಮುಂದೆ ಚಾಚಿದೆ.

"ಪಂಕಜಾ, ನನ್ ಮೈ ನೋಡವ್ವ."

ತನಗೆ ಆ ವಿದ್ಯೆ ಬರುವುದಿಲ್ಲ ಎಂದಳು. ಬರುತ್ತದೆ, ನೋಡು ಎಂದೆ.

ಅವಳು ಮೊದಲು ನನ್ನ ಸೆರಗು ನೋಡಿದಳು. ಕೊಡವಿದಳು. ಕಸ ಗುಡಿಸುವವಳ ಸೆರಗಿನಲ್ಲಿ ಒಂದು ಕಣ ಧೂಳಿರಲಿಲ್ಲ. ಪಾದ ನೋಡಿದಳು, ಕೈ ಮೂಸಿದಳು, ಫಿನಾಯಿಲಿನ ವಾಸನೆ ಇರಲಿಲ್ಲ. ಇವತ್ತು ನೀನು ಎಲ್ಲೂ ಗುಡಿಸಿಲ್ಲ, ಒಂದೇ ಕಡೆ ಕೂತಿದ್ದೆ ಎಂದಳು. ಡಬ್ಬಿಯ ಮುಚ್ಚಳ ತೆಗೆದಳು. ದಿನಾ ಅರ್ಧ ಬಿಟ್ಟು ತರುವವಳು ನಾನು, ಅವತ್ತು ಬೆರಳಿನಿಂದ ಬಳಿದು ತಿಂದ ಹಾಗೆ ಖಾಲಿ. ಬೇರೆ ಏನೂ ಕೆಲಸವಿರಲಿಲ್ಲ ಎಂದಳು. ಆಮೇಲೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗೆನ್ನೆಯ ಮೇಲೆ ಕಣ್ಣಿನಿಂದ ಕೆಳಕ್ಕೆ ಬೆರಳಿಟ್ಟು ಎಳೆದಳು. ಚಾಪೆಯಾದರೆ ಹತ್ತು ಗೆರೆ ಇರುತ್ತವೆ, ಇದು ಒಂದೇ ಎಂದಳು. ಕೊನೆಗೆ ನನ್ನ ಉಗುರು ಹಿಡಿದು, ಅಡಿಯಲ್ಲಿದ್ದ ಹಸಿರನ್ನು ತನ್ನ ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ಬಿಸಿಲಿಗೆ ಹಿಡಿದಳು. ಎರಡು ಬೆರಳಿನ ನಡುವೆ ಮುರಿದಳು. ಚಿತ್ರದ ಬಣ್ಣ ಅರೆದರೆ ಪುಡಿಯಾಗುತ್ತದೆ. ಇದು ಚಕ್ಕೆ. ತನ್ನ ಗಾಡಿಯಿಂದ ವರ್ಷವರ್ಷ ಉದುರುವ ಚಕ್ಕೆಯನ್ನು ನೋಡಿದವಳು ಅವಳು.

"ಎಣ್ಣೆಬಣ್ಣ. ಹಲಗೆ ಬಾಗಿಲು. ಹೊರಗಿಂದ ಅಗುಳಿ," ಎಂದಳು. "ನನ್ ಪೂರ್ವಿ ಸಂದಿಗೆ ಕಣ್ಣಿಟ್ಟು ನಿಂತಿದ್ದಾಳೆ. ಕೆರೆದಿದ್ದಾಳೆ. ಇವತ್ತು ನೀನೂ ಅದ್ರೊಳಗೇ ಇದ್ದು ಬಂದಿದ್ದೀಯ."

ನನ್ನ ಕತ್ತು ಮರಗಟ್ಟಿತ್ತು. ಒಳಗೆ ಆದದ್ದನ್ನು ಕೇಳಿದಾಗ ಮಾತ್ರ ನಮ್ಮೂರಲ್ಲಿ ಕತ್ತು ಹಾಗೆ ಮರಗಟ್ಟುತ್ತದೆ ಎಂಬುದು ಅವಳಿಗೂ ಗೊತ್ತು. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಸಂಕ್ರಾಂತಿಯಿಂದ ಶಿವರಾತ್ರಿಗೆ. ಸಾಹೇಬರು ಬಂದಾಗ ಮಾತು ಬಾರದ ಮಗು ಕಣ್ಣಿಗೆ ಬೀಳಬಾರದು, ಅವರು ಯಾವ ದಿನ ಬರುತ್ತಾರೋ ಗೊತ್ತಿಲ್ಲ, ಹಾಗಾಗಿ ದಿನಾ ಕೂಡಿಹಾಕಿದ್ದಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದಿನಾ. ಒಳಗೆ ಕೂಗಿದರೆ ಕನ್ನಡ ಹೊರಡುವುದಿಲ್ಲ, ಸ್ಪ್ಯಾನಿಷ್ ಪೂರ್ವಿಗೆ ಬರುವುದಿಲ್ಲ. ಇಷ್ಟನ್ನು ಪಂಕಜ ತನ್ನಷ್ಟಕ್ಕೆ ತಾನೇ, ಮೆಲ್ಲಗೆ, ಒಂದಾದ ಮೇಲೊಂದು ಹೇಳಿಕೊಂಡಳು. ಆಮೇಲೆ ಎದ್ದು ಮೇಷ್ಟರ ಬಟ್ಟೆಯ ಗಂಟಿನಿಂದ ಒಂದು ಅಂಗಿ ಎಳೆದು ಜೇಬು ತಿರುವಿದಳು. ಮೂಲೆಯಲ್ಲಿ, ಅವರು ಬೀಗದ ಕೈ ಇಟ್ಟುಕೊಳ್ಳುವ ಕಡೆ, ಹಸಿರು ಚಕ್ಕೆ ಇತ್ತು. ಹೋದ ವರ್ಷವೂ ಇತ್ತು, ನಾನೇ ದಿನಾ ಕೆರೆದು ಚೊಕ್ಕ ಮಾಡಿ ಕಳಿಸಿದೆ ಎಂದಳು.

ಅವಳು ನನ್ನನ್ನು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

"ಚಿನ್ನದಂಥ ಮೈ ಅಂದ್ಯಲ್ಲಜ್ಜಿ," ಎಂದಳು.

"ಅಂದೆ," ಎಂದೆ. ಅದನ್ನು ಹೇಳಲು ಯಾವ ಪಟ್ಟಿಯೂ ಅಡ್ಡ ಬರಲಿಲ್ಲ.

ಗಾಡಿಯ ಹಲಗೆಯ ಮೇಲೆ ಕೂತಿದ್ದ ಪೂರ್ವಿ ಇಳಿದು ಬಂದಳು. ಇಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದಳು. ನನ್ನ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನನ್ನ ಬಲಗೈ ಎತ್ತಿ ತನ್ನ ಮಂಡಿಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಶುರುಮಾಡಿ, ಒಂದೊಂದೇ ಉಗುರಿನಿಂದ ಹಸಿರನ್ನು ಬಿಡಿಸತೊಡಗಿದಳು.

ಮಾರನೆಯ ಬೆಳಿಗ್ಗೆ ಮೇಷ್ಟರ ಬಟ್ಟೆಯ ಗಂಟು ಇಸ್ತ್ರಿ ಇಲ್ಲದೆ ಅವರ ಬಾಗಿಲಿಗೆ ಹೋಯಿತು, ಎಲ್ಲ ಜೇಬುಗಳನ್ನೂ ಹೊರಗೆ ತಿರುವಿ ಬಿಟ್ಟು. ಸಂಜೆ ಪಂಕಜ ಕಟ್ಟೆಯ ಮೇಲೆ ನಿಂತು ತಾಯಂದಿರಿಗೆಲ್ಲ ಹೇಳಿದಳು. ಹೇಳಲು ಅವಳಿಗೆ ತೊಂದರೆ ಇರಲಿಲ್ಲ, ಅವಳು ಒಳಗೆ ಹೋದವಳಲ್ಲ. ತನಗೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಲವತ್ತು ಜನ ಕೇಳಿದರು. ಗಂಟೆ ಹೊಡೆದು ಮಕ್ಕಳು ಹೊರಗೆ ಬಂದರು. ಎಲ್ಲರೂ ತಮ್ಮ ತಮ್ಮ ಮಗುವಿನ ಉಗುರು ನೋಡಿದರು. ಮೂವರು ಮಕ್ಕಳ ಉಗುರಿನಲ್ಲಿ ಹಸಿರಿತ್ತು. ಆ ಮೂವರ ತಾಯಂದಿರು ಮಕ್ಕಳ ಮುಷ್ಟಿ ಮುಚ್ಚಿಸಿ ಕೈ ಹಿಡಿದು ಬಿರಬಿರನೆ ಹೋದರು. ಶಾಲೆ ಬೇರೆ ಊರಿಗೆ ಹೋದರೆ ಉಳಿದ ಮಕ್ಕಳ ಗತಿ ಏನು ಎಂದು ಹಿಂದಿನಿಂದ ಯಾರೋ ಅಂದರು.

ಮರುದಿನ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಎಲ್ಲ ಮಕ್ಕಳೂ ಬಂದರು. ಆ ಮೂವರೂ ಬಂದರು. ಒಂದು ಮಗುವಿಗೂ ಉಗುರಿರಲಿಲ್ಲ. ಎಲ್ಲರದ್ದನ್ನೂ ಬುಡಕ್ಕೆ, ಕೆಂಪು ಕಾಣುವಷ್ಟು ಕತ್ತರಿಸಿ ಕಳಿಸಿದ್ದರು.

ನಾನು ಈಗಲೂ ಕೆಲಸಕ್ಕೆ ಹೋಗುತ್ತೇನೆ. ಒಳಗೆ ಏನು ಮಾಡುತ್ತೀಯ ಎಂದು ನೀವು ಕೇಳಬಾರದು, ಕೇಳಿದರೆ ಬಾಯಿ ತೆರೆದು ಕೂರುತ್ತೇನೆ ಅಷ್ಟೇ. ನನ್ನ ಉಗುರನ್ನು ನಾನು ಕತ್ತರಿಸಿಲ್ಲ. ಸಂಜೆ ನಾಲ್ಕಕ್ಕೆ ಪಟ್ಟಿ ದಾಟಿ ಬಂದಾಗ ಪೂರ್ವಿ ಗಾಡಿಯ ಹಲಗೆಯ ಮೇಲೆ ಪೊರಕೆ ಕಡ್ಡಿ ಹಿಡಿದು ಕಾಯುತ್ತಿರುತ್ತಾಳೆ. ನಾನು ಕೈ ಚಾಚುತ್ತೇನೆ. ಅವಳು ಹತ್ತೂ ಬೆರಳನ್ನು ಬಿಡಿಸಿ, ತೆಗೆದ ಹಸಿರನ್ನೆಲ್ಲ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿಡುತ್ತಾಳೆ. ಪೊಟ್ಟಣ ಅರ್ಧ ತುಂಬಿದೆ. ಅವಳು ಇನ್ನೂ ಮಾತಾಡಿಲ್ಲ.